ನೀಲಗಂಗವ್ವನ ಪುಂಡಿ ಹೊಲ

ಬಹಳ ಹಿಂದೆ, ಹೊಳೆದಂಡೆಯ ಒಂದು ಊರಲ್ಲಿ ನೀಲಗಂಗವ್ವ ಎಂಬ ಮುದುಕಿ ಇದ್ದಳಂತೆ. ಎಷ್ಟು ಹಿಂದೆ ಎಂದು ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಪುಂಡಿ ಗಿಡದ ನಾರಿನಿಂದ ಹಗ್ಗ ಹೊಸೆಯುವುದು ಅವಳ ಕಸುಬು. ಅವಳ ಹಗ್ಗದಿಂದ ಆನೆ ಕಟ್ಟಿದರೂ ಹರಿಯುತ್ತಿರಲಿಲ್ಲವಂತೆ.

ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ಒಂದು ತುದಿ ಹಿಡಿದು ತಿರುವಬೇಕು, ಇನ್ನೊಬ್ಬರು ನಾರು ಸೇರಿಸುತ್ತ ಹಿಂದೆ ಹಿಂದೆ ಹೋಗಬೇಕು. ದೂರವಾದಂತೆ ಕೂಗು ಕೇಳಿಸದು. ಆಗ ಹಗ್ಗ ಜಗ್ಗಿ ಹೇಳುವುದು ರೂಢಿ. ಒಮ್ಮೆ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ತಿರುವು.

ಅವಳ ಮೊಮ್ಮಗಳು ತಂಗೆವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಅವಳಿಗೇನು ತಿಳಿಯುತ್ತದೆ ಎಂದು ಊರು ಸುಮ್ಮನಿತ್ತು. ಮುದುಕಿ ಹಗ್ಗದ ತುದಿಯನ್ನು ಹುಡುಗಿಯ ಕೈಗೆ ಕೊಟ್ಟಳು. ಒಂದು ವರ್ಷ ಜಗ್ಗಿದಳು. ಎರಡನೆಯ ವರ್ಷ ಆ ಕಡೆಯಿಂದ ಹುಡುಗಿ ಜಗ್ಗಿದಳಂತೆ. ಆಮೇಲೆ ನೀರು, ಹಸಿವು, ಸಿಟ್ಟು, ಎಲ್ಲಕ್ಕೂ ಜಗ್ಗುವ ಬಗೆ ಒಂದೊಂದು ಹುಟ್ಟಿತಂತೆ. ಅಜ್ಜಿ, ಮೊಮ್ಮಗಳು ಹಾಗೆಯೇ ಊರವರನ್ನು ಆಡಿಕೊಂಡು ನಗುತ್ತಿದ್ದರು ಎನ್ನುತ್ತಾರೆ.

ಮುದುಕಿಯ ಕೈ ನಡುಗತೊಡಗಿತು. ದೇಮವ್ವ ಎಂಬ ತರುಣಿಗೆ ಈ ಹಗ್ಗದ ಮಾತು ಕಲಿಯುವ ಆಸೆ. ಆದರೆ ದಿನವೂ ಕೂಲಿಗೆ ಹೋಗದಿದ್ದರೆ ಅವಳ ಮನೆಯಲ್ಲಿ ಒಲೆ ಹೊತ್ತದು. ಕಲಿಯುವವರೆಗೆ ತನ್ನ ಪುಂಡಿ ಹೊಲದ ಬೆಳೆ ಅವಳಿಗೇ ಎಂದಳು ನೀಲಗಂಗವ್ವ. ಮಗ ಶಂಕ್ರೆಪ್ಪ ಮುನಿದನು. ಕೊಡುವುದಾದರೆ ತನ್ನ ಮಗಳಿಗೇ ಕೊಡಲಿ, ಕಣ್ಣಿಲ್ಲದ ಕೂಸು ಕೂತು ಉಣ್ಣಲಿ ಎಂದನು.

“ಉಣಸಾಕ ನೀ ಅದೀಯಲ್ಲೋ ಯಪ್ಪಾ,” ಎಂದಳಂತೆ ಮುದುಕಿ. “ನಾ ಹೋದ ಮ್ಯಾಲ ಅಕಿ ಜೋಡಿ ಮಾತಾಡೋರು ಯಾರು?”

ಮೂರು ಬೆಳೆ ದೇಮವ್ವನಿಗೆ ಹೋದವು. ನಾಲ್ಕನೆಯದು ಬಿತ್ತುವ ಮೊದಲೇ ಮುದುಕಿ ತೀರಿಕೊಂಡಳು. ತಂಗೆವ್ವ ಎಂದಿನಂತೆ ಹಿತ್ತಲಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದಳು. ಶಂಕ್ರೆಪ್ಪ ಎರಡು ಸಲ ಹತ್ತಿರ ಹೋದನು, ಹೇಳಲು ಬಾರದೆ ಹಿಂದಿರುಗಿದನು. ದೇಮವ್ವ ಇನ್ನೊಂದು ತುದಿ ಹಿಡಿದಳು. ಹೇಗೆ ಹೇಳಿದಳೋ ಯಾರಿಗೂ ತಿಳಿಯಲಿಲ್ಲ. ಹುಡುಗಿ ಹಗ್ಗದ ಮೇಲೆ ಕೈ ಸರಿಸುತ್ತ ನಡೆದು ಬಂದು, ಅವಳ ಕೊರಳು ತಬ್ಬಿ ಅತ್ತಳಂತೆ. ಪಕ್ಕದೂರಿನ ಇಂಥದೇ ಮಗುವಿಗೆ ಕಲಿಸಬೇಕೆಂದು ಒಬ್ಬ ದೇಮವ್ವನ ಬಳಿ ಕಲಿಯಲು ಬಂದಾಗ, ಆ ವರ್ಷದ ಬೆಳೆಯನ್ನು ಶಂಕ್ರೆಪ್ಪನೇ ಅವನಿಗೆ ಬಿಟ್ಟುಕೊಟ್ಟನು.

ಇಂದಿಗೂ ಆ ಮನೆಯವರು ಆ ಹೊಲದ ಬೆಳೆಯನ್ನು ಕಣ್ಣೂ ಕಾಣದ, ಕಿವಿಯೂ ಕೇಳದ ಮಕ್ಕಳಿಗೆ ಪಾಠ ಹೇಳಲು ಕಲಿಯುತ್ತಿರುವವರಿಗೇ ಕೊಡುತ್ತಾರೆ. ಅಂಕ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಯಾರ ಜೊತೆ ಮಾತಾಡಲು ಕಲಿಯುತ್ತೀ ಎಂದು ಕೇಳುತ್ತಾರೆ. ಕುರುಡರ ಜೊತೆ, ಕಿವುಡರ ಜೊತೆ ಎಂದರೆ ಸಾಲದು. ಒಂದು ಹೆಸರು ಹೇಳಬೇಕು.