ಗುಂಡಿಯೊಳಗಿನ ಗಂಟೆ

“ಒಂದೇ ಬೆಂಕಿಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಹುಟ್ಟಿದೊಡನೆ ನೀರಿಗೆ ತಳ್ಳಿದರೆ ಒಬ್ಬ ಗಟ್ಟಿಯಾಗುತ್ತಾನೆ, ಇನ್ನೊಬ್ಬ ಸಾಯುತ್ತಾನೆ. ಯಾರವರು?”

ಗುರುಗಳು ಹೀಗೆ ಕೇಳಿದಾಗ ಶಿಷ್ಯ ಮರುಳಯ್ಯ ಬಟ್ಟೆಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಮುನಿಸಿಕೊಂಡು ಮಠ ಬಿಟ್ಟು ಹೊರಟವನನ್ನು ಒಗಟು ಕೇಳಿ ನಿಲ್ಲಿಸುವುದು ಯಾವ ನ್ಯಾಯ?

“ಒಂದು ಕಪ್ಪೆ, ಒಂದು ಬೆಕ್ಕು,” ಎಂದ.

“ಬೆಂಕಿಯಲ್ಲಿ ಕಪ್ಪೆ ಹುಟ್ಟುತ್ತದೇನೋ?”

“ಹಾಗಾದರೆ ಗೊತ್ತಿಲ್ಲ ಬುದ್ಧಿ. ಮೊದಲು ನನ್ನ ಪ್ರಶ್ನೆಗೆ ಉತ್ತರ ಹೇಳಿ. ನಿಮ್ಮ ಮರದ ಹಾವುಗೆಯನ್ನು ರಾಗಿ ಕಣಜದಲ್ಲಿ ಬಚ್ಚಿಟ್ಟವರು ನಾನು, ಸಂಗಯ್ಯ ಇಬ್ಬರೂ. ಅವನಿಗೆ ನಿಂತ ನಿಲುವಿನಲ್ಲೇ ಬೈದಿರಿ. ಬೈಸಿಕೊಂಡವನು ಮರುಗಳಿಗೆ ನಿಮ್ಮ ಪಕ್ಕದಲ್ಲೇ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡ. ನನಗೆ ಮೂರು ದಿನದಿಂದ ಒಂದು ಮಾತಿಲ್ಲ. ನಾನೇನು ಬೈಗುಳಕ್ಕೂ ಬೇಡವಾದೆನೇ?”

ಗುರುಗಳು ಅವನನ್ನು ಜಗಲಿಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ಬೆನ್ನ ಮೇಲೆ ಕೈಯಿಟ್ಟು ಕತೆ ಶುರು ಮಾಡಿದರು.

ಒಬ್ಬ ಕಂಚುಗಾರನಿದ್ದ. ತಾಮ್ರ, ತವರ ಕೂಡಿಸಿ ಒಂದೇ ಮೂಸೆಯಲ್ಲಿ ಕರಗಿಸಿದ. ಅದರಿಂದಲೇ ಒಂದು ಜೊತೆ ತಾಳ, ಒಂದು ದೊಡ್ಡ ಗಂಟೆ, ಎರಡಕ್ಕೂ ಎರಕ ಹೊಯ್ದ. ತಾಳವನ್ನು ಕೆಂಪಗೆ ಕಾಯಿಸಿ, ಬಡಿದು, ಬಿಸಿಯಲ್ಲೇ ನೀರಿಗೆ ಅದ್ದಿದ. ಚುಂಯ್ ಎಂದಿತು, ಮುಗಿಯಿತು. ಅದನ್ನು ತಾನಾಗಿ ಆರಲು ಬಿಟ್ಟಿದ್ದರೆ ಒಳಗೊಳಗೇ ಗಡಸು ಹರಳು ಕಟ್ಟಿಕೊಂಡು ಮೊದಲ ಭಜನೆಯಲ್ಲೇ ಚೂರಾಗುತ್ತಿತ್ತು.

ಗಂಟೆಯ ಮೇಲೆ ಅವನಿಗೆ ಜೀವ. ಅವನ ಅಪ್ಪನೂ ಅಷ್ಟು ದೊಡ್ಡದನ್ನು ಮಾಡಿರಲಿಲ್ಲ. ಮುಖ ನೋಡುವ ಆತುರಕ್ಕೆ ಅದೇ ದಿನ ಅಚ್ಚಿನ ಮಣ್ಣು ಒಡೆದು ನೀರು ಸುರಿದ. ಗಂಟೆ ಒಂದು ಕಡೆ ತೆಳು, ಒಂದು ಕಡೆ ದಪ್ಪ. ತೆಳುವಾದದ್ದು ಬೇಗ ತಣಿದು ಕುಗ್ಗಿತು. ದಪ್ಪವಾದದ್ದು ಇನ್ನೂ ಬಿಸಿ. ಒಂದನ್ನೊಂದು ಎಳೆದಾಡಿದವು. ಟಪ್ ಎಂದಿತು. ಬಾಯಿಂದ ಭುಜದವರೆಗೆ ಬಿರುಕು.

ಮರುಳಯ್ಯನಿಗೆ ಹೋದ ವರ್ಷದ ಹುಣಸೆಮರ ನೆನಪಾಯಿತು. ಅಂದು ಗುರುಗಳು ಎಲ್ಲರೆದುರು ಗದರಿದ್ದಕ್ಕೆ ಮರ ಹತ್ತಿ ಕೂತವನು ಎರಡು ದಿನ ಇಳಿದಿರಲಿಲ್ಲ. ಅನ್ನದ ಬುತ್ತಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದವರೂ ಗುರುಗಳೇ. ಆ ಮಾತು ಈಗ ಯಾಕೆ ಎಂದು ಬಟ್ಟೆಗಂಟನ್ನು ತೊಡೆಯ ಮೇಲೆ ಎಳೆದುಕೊಂಡ.

ಕಂಚುಗಾರ ಒಡೆದದ್ದನ್ನು ಮತ್ತೆ ಕರಗಿಸಿದ, ಮತ್ತೆ ಹೊಯ್ದ. ಈ ಸಲ ಗಂಟೆಯನ್ನು ಅಚ್ಚಿನ ಸಮೇತ ಎರಕ ಹೊಯ್ದ ಗುಂಡಿಯಲ್ಲೇ ಬಿಟ್ಟು ಮಣ್ಣು ಮುಚ್ಚಿದ. ಮೂರು ದಿನವಾದರೂ ಹೊರಗೆ ತೆಗೆಯಲಿಲ್ಲ. ತಾಳ ಕೊಂಡಿದ್ದ ಭಜನೆಯವನು ಆ ದಾರಿಯಲ್ಲಿ ಬಂದ.

“ಏನಯ್ಯಾ, ನನ್ನ ತಾಳಕ್ಕೆ ಅಷ್ಟೆಲ್ಲ ಉಪಚಾರ ಮಾಡಿದೆ. ಪಾಪ, ಗಂಟೆಯನ್ನು ಹೂತು ಮರೆತೇಬಿಟ್ಟೆಯಲ್ಲ!”

“ಮರೆತಿದ್ದರೆ ಮಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಯಾಕೆ ಕೂತಿರುತ್ತಿದ್ದೆ ಮಾರಾಯಾ? ಇನ್ನೂ ಬೆಚ್ಚಗಿದೆ. ಆರಲಿ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನ ಬಟ್ಟೆಗಂಟು ಯಾವಾಗಲೋ ತೊಡೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು.

“ಆಮೇಲೆ ಬುದ್ಧಿ? ಗಂಟೆ ಸರಿಯಾಗಿ ಬಂತೇ?”

“ಬಂತು. ಏಳೂರಿಗೆ ಕೇಳುವಂತೆ ಮೊಳಗಿತು.”

“ನಿಜವಾಗಿಯೂ?”

ಗುರುಗಳು ಸಿಕ್ಕಿಬಿದ್ದವರಂತೆ ನಕ್ಕರು. ಬೆನ್ನ ಮೇಲಿನ ಕೈ ಮಾತ್ರ ಕದಲಲಿಲ್ಲ.

“ಆ ಕೊನೆ ನಾನೇ ಕಟ್ಟಿದ್ದು, ಮರುಳಾ. ಗಂಟೆಯನ್ನು ಇನ್ನೂ ಗುಂಡಿಯಿಂದ ತೆಗೆದಿಲ್ಲ.”