ಮಣ್ಣಿನ ಗೋಡೆಯ ಅಚ್ಚು

“ಗುರುಗಳೇ, ನನ್ನ ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಅವಳ ಮಾತುಗಳು ಮರೆತುಹೋಗಬಾರದೆಂದು ಬರೆದಿಡುತ್ತಿದ್ದೇನೆ. ಬರೆದದ್ದು ಅವಳ ಹಾಗೆ ಕೇಳಿಸುವುದಿಲ್ಲ. ಹರಿದುಹಾಕಿ ಮತ್ತೆ ಬರೆಯುತ್ತೇನೆ. ಸರಿಯಾಗುವವರೆಗೂ ಬರೆಯಬೇಕಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಶಿಲ್ಪಿಯಿದ್ದ. ಕಲ್ಲಿನಲ್ಲಿ ಪಳಗಿದ ಕೈ. ಐವತ್ತು ದಾಟಿದ ಮೇಲೆ ಮಣಿಕಟ್ಟು ನೋಯತೊಡಗಿ ಸುತ್ತಿಗೆ ಬಿಟ್ಟ, ಕಾಗದ ಹಿಡಿದ. ಹಳೆಯ ಕಾಗದವನ್ನು ನೆನೆಹಾಕಿ, ಮಿಕ್ಸಿಯಲ್ಲಿ ಅರೆದು, ಆ ತಿರುಳನ್ನು ಬಂಡೆಯ ಮೇಲೋ ಹಳೆಯ ಬಾಗಿಲ ಮೇಲೋ ಒತ್ತುತ್ತಿದ್ದ. ಒಣಗಿದ ಮೇಲೆ ಬಿಡಿಸಿದರೆ ಅಲ್ಲಿನ ಉಬ್ಬುತಗ್ಗುಗಳೆಲ್ಲ ಕಾಗದದಲ್ಲಿ ಮೂಡಿರುತ್ತಿದ್ದವು. ಮನಸ್ಸಿಗೆ ಬಾರದ ಅಚ್ಚನ್ನು ಮತ್ತೆ ತೊಟ್ಟಿಯ ನೀರಿಗೆ ಹಾಕಿ ಅರೆಯುತ್ತಿದ್ದ. ಈ ಕೆಲಸದಲ್ಲಿ ಏನೂ ಹಾಳಾಗುವುದಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅವನ ಹೆಂಡತಿ ತೀರಿಕೊಂಡಳು. ಮನೆಯ ಹಿಂಬದಿಯ ಮಣ್ಣಿನ ಗೋಡೆಗೆ ವರ್ಷಕ್ಕೊಮ್ಮೆ ಮಣ್ಣು ಕಲಸಿ ಮೆತ್ತುತ್ತಿದ್ದವಳು ಅವಳೇ. ಅವಳ ಬೆರಳು ಎಳೆದ ಗೆರೆಗಳು ಕಮಾನು ಕಮಾನಾಗಿ ಅಲ್ಲಿ ಉಳಿದಿದ್ದವು. ಅವನು ಅದರ ಮೇಲೆ ತಿರುಳು ಒತ್ತಿದ.

ಮೊದಲ ಅಚ್ಚಿನಲ್ಲಿ ಮೂರು ಬೆರಳು ಚೆನ್ನಾಗಿ ಮೂಡಿದ್ದವು. ಕಿರುಬೆರಳು ಮಸುಕಾಗಿತ್ತು. ಸಾಲದೆಂದು ಅದನ್ನು ತೊಟ್ಟಿಗೆ ಹಾಕಿದ. ಎರಡನೆಯದರಲ್ಲಿ ಅಂಚು ಹರಿದಿತ್ತು. ಅದೂ ತೊಟ್ಟಿಗೆ ಹೋಯಿತು. ಹೀಗೆ ಎರಡು ತಿಂಗಳು ನಡೆಯಿತು. ಅಚ್ಚುಗಳಿಗೆ ಕೆಮ್ಮಣ್ಣಿನ ಬಣ್ಣ ಹತ್ತುತ್ತಿತ್ತು. ಅದು ಅವನಿಗೆ ಚೆಂದವೇ ಕಂಡಿತು.

ಪಕ್ಕದ ಬೀದಿಗೆ ಮದುವೆಯಾಗಿ ಹೋಗಿದ್ದ ಮಗಳು ಊಟ ತಂದಾಗ ಗೋಡೆಯನ್ನು ಸವರಿ ನೋಡಿದಳು.

“ಅಪ್ಪಾ, ಇದು ನಿನ್ನ ಕಲ್ಲಲ್ಲ. ಒತ್ತಿದಾಗಲೆಲ್ಲ ಒಂದಿಷ್ಟು ಮಣ್ಣು ಕಿತ್ಕೊಂಡು ಬರ್ತಿದೆ. ಬಂದಿರೋದ್ರಲ್ಲಿ ಒಂದು ಇಟ್ಕೊಂಡು ಸಾಕು ಮಾಡು.”

“ನಿಮ್ಮಮ್ಮನ ಕೈಯನ್ನ ಅರ್ಧಂಬರ್ಧ ಇಟ್ಕೊಳ್ಲೇನೇ?”

“ಅವಳಿದ್ದಾಗ ಅವಳು ಮಾಡಿದ ಸಾರಿಗೂ ನೀನು ಹೀಗೇ ಕೊಂಕು ತೆಗೀತಿದ್ದೆ,” ಎಂದು ಮಗಳು ಬುತ್ತಿ ಇಟ್ಟು ಹೋದಳು.

ಕೊನೆಗೊಂದು ದಿನ ಅವನು ಬಯಸಿದಂಥ ಅಚ್ಚು ಬಂತು. ಐದೂ ಬೆರಳು ಉಬ್ಬಿ, ಸ್ಪಷ್ಟವಾಗಿ ಮೂಡಿದ್ದವು. ಬೆಳಕಿಗೆ ಹಿಡಿದು ನೋಡಿದಾಗ ಅವನ ಕಣ್ಣು ತುಂಬಿತು. ಗೋಡೆಯ ಬಳಿ ಬಂದು, ಅಲ್ಲಿನ ಗೆರೆಗಳಲ್ಲಿ ತನ್ನ ಬೆರಳುಗಳನ್ನು ಮೆಲ್ಲನೆ ಇಟ್ಟ. ಐದೂ ಸರಿಯಾಗಿ ಕೂತವು. ಉಳಿ ಹಿಡಿದು ಸೊಟ್ಟಗಾಗಿದ್ದ ಹೆಬ್ಬೆರಳು ಕೂಡ. ದಿನವೂ ನೀರುಂಡು ಮೆತ್ತಗಾದ ಮಣ್ಣಿನಲ್ಲಿ, ತಿರುಳು ಒತ್ತುವಾಗ ಊರಿದ್ದ ಅವನದೇ ಕೈಯ ಗುರುತು ಅದು. ಉಳಿದ ಕಡೆ ಅವಳ ಗೆರೆಗಳು ಅಳಿಸಿ ಗೋಡೆ ನುಣ್ಣಗಾಗಿತ್ತು. ಅವನು ತೊಟ್ಟಿಯ ಹತ್ತಿರ ಓಡಿದ. ಹಿಂದಿನ ಅಚ್ಚುಗಳೆಲ್ಲ ಅದರಲ್ಲಿ ಕೆಂಪು ಗಂಜಿಯಾಗಿ ನಿಂತಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅವನು ಆಮೇಲೆ ಏನು ಮಾಡಿದನೆಂದು ಶಿಷ್ಯ ತಗ್ಗಿದ ದನಿಯಲ್ಲಿ ಕೇಳಿದ.

“ಮಗಳ ಮನೆಗೆ ಹೋಗಿ, ನಿಮ್ಮಮ್ಮನ ಕೈ ಹೇಗಿತ್ತು ಹೇಳು ಎಂದು ಕೇಳಿದ.”