ತೊಟ್ಟಿಲ ಮುಂದೆ ಕೂತ ವ್ಯಾಪಾರಿ

"ಗುರುಗಳೇ, 'ಬದುಕಿದ್ದಾನೆ' ಎಂಬ ಮಾತನ್ನು ಯಾರ ಬಗ್ಗೆ ಹೇಳಬೇಕು?" ಎಂದು ವಿಶ್ವಂಭರನೆಂಬ ಶಿಷ್ಯ ಕೇಳಿದ.

ಗುರುಗಳು ಕೊಟ್ಟ ಪದಗಳಿಗೆ ಅರ್ಥ ಬರೆಯುತ್ತ ಬಂದವನು ಬೆಳಗಿನಿಂದ ಈ ಒಂದರಲ್ಲೇ ಸಿಕ್ಕಿಕೊಂಡಿದ್ದ. ಉಸಿರಾಡುವವನು ಬದುಕಿದ್ದಾನೆ ಎನ್ನೋಣವೆಂದರೆ ಕಮ್ಮಾರನ ತಿದಿಯೂ ಉಸಿರಾಡುತ್ತದೆ. ಕಣಜದಲ್ಲಿರುವ ಬೀಜ ಉಸಿರಾಡದು, ಅಲ್ಲಾಡದು. ಆದರೂ ರೈತ ಅದಕ್ಕೆ ಜೀವವಿದೆ ಎನ್ನುತ್ತಾನೆ. ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿದಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹಡಗು ಹತ್ತಿ ದೂರದ ರೇವಿಗೆ ಹೋದ. ವ್ಯಾಪಾರ ಕುದುರಿತು. ಅಲ್ಲಿಯೇ ಮಳಿಗೆ ಹಾಕಿದ, ಉಂಡುಟ್ಟು ಸುಖವಾಗಿದ್ದ. ಮನೆಗೆ ಹೇಳಿಕಳಿಸಬೇಕು ಎಂದು ಆಗಾಗ ಅಂದುಕೊಳ್ಳುವನು. ಇವತ್ತಲ್ಲ ನಾಳೆ ಎಂದು ದಿನ ದೂಡುವನು. ಊರಿನ ಕಡೆ ಹೊರಟವರು ಎದುರಾದರೂ, ಹೇಗೂ ನಾನೇ ಹೋಗುವವನಿದ್ದೇನೆ ಎಂದು ಸುಮ್ಮನಾಗುವನು. ಕೆಟ್ಟವನೇನಲ್ಲ, ಸೋಮಾರಿ ಅಷ್ಟೆ.

ಇತ್ತ ಊರಿಗೆ ಹಡಗೊಂದು ಮುಳುಗಿದ ಸುದ್ದಿ ಬಂತು. ತಾಯಿ ನಂಬಲಿಲ್ಲ. ವರ್ಷಗಟ್ಟಲೆ ಕಾದಳು. ದಾರಿಯಲ್ಲಿ ಯಾರು ಸಿಕ್ಕಿದರೂ ನನ್ನ ಮಗನನ್ನು ಕಂಡಿರಾ ಎಂದು ಕೇಳುವಳು. ಊಟಕ್ಕೆ ಕೂತರೆ ತುತ್ತು ಇಳಿಯದು. ಕೊನೆಗೆ ನೆಂಟರ ಮಾತಿಗೆ ಕಟ್ಟುಬಿದ್ದು ದರ್ಭೆಯ ಬೊಂಬೆ ಮಾಡಿಸಿ, ಅದೇ ಮಗನೆಂದು ಸುಡಿಸಿ, ಉತ್ತರಕ್ರಿಯೆ ಮುಗಿಸಿದಳು. ಮನಸಾರೆ ಅತ್ತಳು. ಆಮೇಲೆ ಅವಳಿಗೆ ನಿದ್ದೆ ಬಂತು.

ಒಂದು ದಿನ ವ್ಯಾಪಾರಿ ಬಂದು ಹೊಸ್ತಿಲಾಚೆ ನಿಂತ. ಕ್ರಿಯೆ ಮುಗಿದವನನ್ನು ಹಾಗೆಯೇ ಒಳಗೆ ಸೇರಿಸುವಂತಿಲ್ಲ. ಅವನು ಮತ್ತೊಮ್ಮೆ ಹುಟ್ಟಬೇಕು, ತಾಯಿ ಅವನ ಕಿವಿಯಲ್ಲಿ ಮತ್ತೊಮ್ಮೆ ಹೆಸರು ಹೇಳಬೇಕು ಎಂದರು ಪುರೋಹಿತರು. ಹೇಳಿದರೆ ಮನೆಯ ಮಗ, ಹೇಳದಿದ್ದರೆ ದಾರಿಹೋಕ. ಅಟ್ಟದ ಮೇಲಿದ್ದ ತೊಟ್ಟಿಲನ್ನು ಅಂಗಳಕ್ಕೆ ಇಳಿಸಿದರು. ಮೀಸೆ ಹೊತ್ತ ಗಂಡಸು ತೊಟ್ಟಿಲಲ್ಲಿ ಹಿಡಿಸುವುದುಂಟೇ? ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕಿವಿಯೊಡ್ಡಿದ. ನೆರೆಹೊರೆಯವರು ಮುಸಿಮುಸಿ ನಕ್ಕರು. ತಾಯಿ ಬಗ್ಗಿದಳು. ಹೆಸರು ಹೇಳದೆ ಹಾಗೆಯೇ ಎದ್ದು ನಿಂತಳು.

"ಅಮ್ಮಾ, ನಾನು ಬದುಕಿದ್ದೇನಲ್ಲ, ಹೆಸರು ಹೇಳು" ಎಂದ ವ್ಯಾಪಾರಿ.

"ಸತ್ತೆ ಎಂದು ಅತ್ತು ಮುಗಿಸಿದ್ದೆನಪ್ಪಾ. ಇಷ್ಟು ದಿನವೂ ಬದುಕಿಯೇ ಇದ್ದೆ ಅಂತೀಯಲ್ಲ, ಅದಕ್ಕೆ ಹೇಗೆ ಅಳಲಿ?" ಎಂದಳು ತಾಯಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ವಿಶ್ವಂಭರನ ಗೊಂದಲ ಇನ್ನಷ್ಟು ಹೆಚ್ಚಿತು. ಮಗ ಮರಳಿ ಬಂದರೆ ಹೆತ್ತವಳು ಹಿಗ್ಗಬೇಕು. ಈ ತಾಯಿಗೆ ಆದದ್ದೇನು? ವ್ಯಾಪಾರಿ ಅಲ್ಲಿ ಗಟ್ಟಿಮುಟ್ಟಾಗಿಯೇ ಇದ್ದನಲ್ಲ, ಬದುಕಿದ್ದ ಎನ್ನಲು ಇನ್ನೇನು ಬೇಕು? ಆದರೆ ಅವಳ ಮಾತು ತಪ್ಪೆನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

"ಕೊನೆಗೆ ಅವಳು ಹೆಸರು ಹೇಳಿದಳೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿದರು.

"ಅದು ಹಾಗಿರಲಿ ವಿಶ್ವಂಭರ, ಹೇಳದೆ ಕೇಳದೆ ಮನೆ ಬಿಟ್ಟು ಇಲ್ಲಿಗೆ ಬಂದವನು ನೀನು, ನಿನ್ನ ತಾಯಿ ಇನ್ನೂ ಕಾಯುತ್ತಿದ್ದಾಳೋ, ಅತ್ತು ಮುಗಿಸಿದ್ದಾಳೋ?"